ಶಾಲೆಗೆ ಬಂದ ಉಪಗ್ರಹ: 1975–76ರ ಒಂದು ಪ್ರಯೋಗ

ಪಾಠದ ಕೋಣೆಗೆ ಯಂತ್ರವನ್ನು ತಂದೊಡನೆ ಪಾಠವು ತಾನಾಗಿ ಸಾಗುವುದೆಂಬ ನಂಬಿಕೆ ಹೊಸತಲ್ಲ. ಅದನ್ನು ಒರೆಗೆ ಹಚ್ಚಲು ನಾವು ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವನ್ನು ಎತ್ತಿಕೊಂಡಿದ್ದೇವೆ. ಅಮೆರಿಕವು ಒಂದು ವರ್ಷದ ಮಟ್ಟಿಗೆ ಒದಗಿಸಿದ ಎ.ಟಿ.ಎಸ್.-6 ಉಪಗ್ರಹದ ಮೂಲಕ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ನಮ್ಮ ನಾಡಿನಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಗ್ರಾಮಗಳು ಇದಕ್ಕೆ ಆಯ್ಕೆಯಾಗಿದ್ದವು. ಆಕಾಶದ ಸಂಕೇತವನ್ನು ಹಿಡಿದದ್ದು ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯ ಆಂಟೆನಾ ಎಂಬುದು ಸ್ವಾರಸ್ಯದ ಸಂಗತಿ.

ಬೆಳಗಿನ ಒಂದೂವರೆ ಗಂಟೆಯ ಶಾಲಾ ಪ್ರಸಾರವನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳಬೇಕಾಗಿದ್ದುದರಿಂದ ಕನ್ನಡಕ್ಕೆ ದಕ್ಕಿದ್ದು 22½ ನಿಮಿಷ. 5ರಿಂದ 12 ವರ್ಷದ ಮಕ್ಕಳೆಲ್ಲರಿಗೂ ಅದೇ ಪಾಠ. ತೆರೆಯು ಮಗುವಿನ ಪ್ರಶ್ನೆಯನ್ನು ಕೇಳಲಾರದು, ತಿಳಿಯದವನಿಗಾಗಿ ನಿಲ್ಲಲಾರದು. ಆ ಹೊಣೆ ಉಪಾಧ್ಯಾಯರದಾಗಿಯೇ ಉಳಿಯಿತು. ಆದುದರಿಂದ ಪ್ರಯೋಗದ ಹೆಚ್ಚಿನ ಫಲವನ್ನು ನಾವು ಅದರ ಶಿಕ್ಷಕ ತರಬೇತಿಯಲ್ಲಿ ಕಾಣುತ್ತೇವೆ. ಸುಮಾರು 50,000 ಪ್ರಾಥಮಿಕ ಶಿಕ್ಷಕರು ವಿಜ್ಞಾನ ಬೋಧನೆಯ ಕ್ರಮವನ್ನು ಕಲಿತರು. ದೂರದರ್ಶನದ ಜೊತೆಗೆ ರೇಡಿಯೋ, ಅಚ್ಚಾದ ಪಾಠಗಳು, ಕೈಯಾರೆ ಮಾಡುವ ಪ್ರಯೋಗಗಳೂ ಅಲ್ಲಿದ್ದವು. ಅವಧಿ ಮುಗಿದೊಡನೆ ಉಪಗ್ರಹವನ್ನು ಪಶ್ಚಿಮ ಗೋಳಾರ್ಧದತ್ತ ಸರಿಸಲಾಯಿತು. ಹಳ್ಳಿಯ ಶಾಲೆಯಲ್ಲಿ ಉಳಿದವರು ಆ ಶಿಕ್ಷಕರು.