ಲಿವರ್‌ನಿಂದ ಮುಖಕ್ಕೆ ಬಂದ ತಾಮ್ರ

ನಮ್ಮ ಆಫೀಸಿನವರು ಮುಖಕ್ಕೆ ಹಚ್ಚೋ ‘ಕಾಪರ್ ಪೆಪ್ಟೈಡ್’ ಸೀರಮ್ಮಿನ ಕಥೆ ಶುರುವಾಗಿದ್ದು ಲಿವರ್‌ನಿಂದ. 1973ರಲ್ಲಿ ಅಮೆರಿಕದ ಲೋರೆನ್ ಪಿಕಾರ್ಟ್ ಮತ್ತು ಅವರ ಸಹೋದ್ಯೋಗಿ, ಲಿವರ್ ಕೋಶಗಳು ಹೆಚ್ಚು ಕಾಲ ಬದುಕುವಂತೆ ಮಾಡೋ ಪುಟ್ಟ ಪೆಪ್ಟೈಡನ್ನು ಮನುಷ್ಯರ ರಕ್ತದಲ್ಲಿ ಗುರುತಿಸಿದರು. ಅದರಲ್ಲಿರೋದು ಮೂರೇ ಅಮೈನೋ ಆಮ್ಲ. ಅದು ತಾಮ್ರವನ್ನು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಅಂತ ಆಮೇಲೆ ಗೊತ್ತಾಯ್ತು. 1988ರಲ್ಲಿ ಫ್ರಾನ್ಸಿನ ಮಾಕಾರ್ ಮತ್ತು ಸಂಗಡಿಗರು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು ಇದರಿಂದ ಹೆಚ್ಚು ಕೊಲ್ಯಾಜೆನ್ ತಯಾರಿಸೋದನ್ನು ತೋರಿಸಿದರು. ಕೊಲ್ಯಾಜೆನ್ ಅಂದ್ರೆ ಚರ್ಮದ ತೊಲೆ-ಕಂಬ. ಅದರ ಎಳೆಗಳನ್ನು ಬೆಸೆಯೋ ಕಿಣ್ವಕ್ಕೂ ತಾಮ್ರ ಬೇಕೇ ಬೇಕು. ಹಾಗಾಗಿ ಗಾಯ ಮಾಯಲು ಇದು ನೆರವಾದೀತು ಅನ್ನೋ ಆಸೆ ಬಲವಾಯ್ತು, ಸೀರಮ್ಮೂ ಬಂತು. ಆದರೆ ಟೆಸ್ಟಿಂಗಲ್ಲಿ ಓಡಿದ ಕೋಡೆಲ್ಲ ಪ್ರೊಡಕ್ಷನ್ನಲ್ಲಿ ಓಡಲ್ಲ ಅಂತ ನನ್ನ ಕಸುಬು ಕಲಿಸಿದೆ. ಅದಕ್ಕೇ ದುಡ್ಡು ಸುರಿಯೋ ಮುಂಚೆ ಒಂದು ಮಾತು ಕೇಳಿ: ಇದನ್ನು ಪರೀಕ್ಷಿಸಿದ್ದು ಲ್ಯಾಬಿನ ತಟ್ಟೆಯಲ್ಲೋ, ಮನುಷ್ಯರ ಚರ್ಮದ ಮೇಲೋ?