ನ್ಯಾಸ್ ಬಾಕ್ಸ್‌ನ ಡಿಸ್ಕ್ ಕೆಟ್ಟರೆ ಫ್ರೀಜರ್‌ನಲ್ಲಿಟ್ಟು ಡೇಟಾ ವಾಪಸ್ ಪಡೆಯಬಹುದೇ?

ಸಾರಾಂಶ

ಹಾರ್ಡ್ ಡಿಸ್ಕ್ ಕೆಟ್ಟರೆ ಫ್ರೀಜರ್‌ನಲ್ಲಿಡಿ, ನೀರು ನುಗ್ಗಿದ್ದರೆ ಅಕ್ಕಿ ಡಬ್ಬದಲ್ಲಿ ಹೂತಿಡಿ, ನಾಲ್ಕು ಡಿಸ್ಕ್‌ಗಳ ಬಾಕ್ಸ್ ಇದ್ದರಂತೂ ಬ್ಯಾಕಪ್ ಚಿಂತೆಯೇ ಬೇಡ ಎಂಬ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ನಾವು ಪರಿಶೀಲಿಸಿದಂತೆ ಇವು ಬಹುಪಾಲು ತಪ್ಪು. ಹಲವು ಡಿಸ್ಕ್‌ಗಳ ಬಾಕ್ಸ್ ಕೈಕೊಟ್ಟ ಮೇಲೂ ಡೇಟಾ ಸಿಗುವ ಸಾಧ್ಯತೆ ಅನೇಕ ಸಲ ಇರುತ್ತದೆ. ಗಾಬರಿಯಲ್ಲಿ ಮಾಡುವ ರಿಪೇರಿಯೇ ಆ ಸಾಧ್ಯತೆಯನ್ನು ಹಾಳು ಮಾಡುತ್ತದೆ.

ಇದು ಯಾರ ಸಮಸ್ಯೆ?

ಗರುಡಾಚಾರ್‌ಪಾಳ್ಯದ ಮೆಟ್ರೋ ನಿಲ್ದಾಣದ ಸುತ್ತ ಒಂದು ಕಡೆ ಮಹದೇವಪುರದ ಸಣ್ಣ ಕಾರ್ಖಾನೆಗಳು, ಇನ್ನೊಂದು ಕಡೆ ವೈಟ್‌ಫೀಲ್ಡ್ ದಿಕ್ಕಿನ ಐಟಿ ಕಟ್ಟಡಗಳು. ಐಟಿ ಕಂಪನಿಗೆ ಡೇಟಾ ಕಾಯಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಸಣ್ಣ ಆಡಿಟರ್ ಕಚೇರಿಗೆ, ಮದುವೆ ಫೋಟೋ ತೆಗೆಯುವ ಸ್ಟುಡಿಯೋಗೆ, ಮೆಷಿನ್ ಶಾಪ್‌ಗೆ ಇರುವುದು ಮೇಜಿನ ಕೆಳಗೆ ಮಿಣುಕುವ ಒಂದು ಪೆಟ್ಟಿಗೆ. ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕ್. ಇದನ್ನೇ ನ್ಯಾಸ್ ಎನ್ನುತ್ತಾರೆ. ಸಿನಾಲಜಿ, ಕ್ಯೂನ್ಯಾಪ್ ಬ್ರ್ಯಾಂಡ್‌ಗಳ ಹೆಸರು ನೀವು ಕೇಳಿರಬಹುದು.

2022ರ ಸೆಪ್ಟೆಂಬರ್ 4ರ ರಾತ್ರಿಯಿಂದ 5ರ ಬೆಳಗಿನೊಳಗೆ ಬೆಂಗಳೂರಿನಲ್ಲಿ 130 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯಿತು. ಮಹದೇವಪುರ ವಲಯ ಮತ್ತು ಹೊರವರ್ತುಲ ರಸ್ತೆ ಕೆರೆಯಂತಾದವು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ನೆಲಮಾಳಿಗೆಗಳು ತುಂಬಿದವು. ಮುಳುಗಿದ ಕಾರುಗಳ ವಿಡಿಯೋಗಳನ್ನು ಎಲ್ಲರೂ ನೋಡಿದ್ದೇವೆ. ಕಾರಿಗೆ ವಿಮೆ ಇರುತ್ತದೆ. ಆದರೆ ನೆಲಮಾಳಿಗೆಯಲ್ಲೋ ನೆಲದ ಮೇಲೋ ಇಟ್ಟ ಪೆಟ್ಟಿಗೆಯಲ್ಲಿ ಆರು ವರ್ಷದ ಲೆಕ್ಕಪತ್ರ ಇದ್ದರೆ ವಿಮೆಯ ದುಡ್ಡಿನಿಂದ ಅದು ವಾಪಸ್ ಬರುವುದಿಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಉಳಿಸಿಕೊಳ್ಳಲೇಬೇಕು.

ನಾಲ್ಕು ಡಿಸ್ಕ್ ಇದ್ದರೆ ಡೇಟಾ ಹೇಗೆ ಉಳಿಯುತ್ತದೆ?

ಈ ಪೆಟ್ಟಿಗೆಗಳೊಳಗಿನ ತಂತ್ರದ ಹೆಸರು ರೇಡ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ದುಬಾರಿಯಾದ ಒಂದೇ ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಸೇರಿಸಿ ಬಳಸುವುದು ಅವರ ಆಲೋಚನೆ.

ಇದರಲ್ಲಿ ಹಲವು ಬಗೆಗಳಿವೆ. ರೇಡ್ 0 ಡೇಟಾವನ್ನು ಹೋಳು ಮಾಡಿ ಹಂಚುತ್ತದೆ. ಒಂದು ಡಿಸ್ಕ್ ಹೋದರೂ ಎಲ್ಲ ಹೋಯಿತು. ರೇಡ್ 1 ಎರಡು ಡಿಸ್ಕ್‌ಗಳಲ್ಲೂ ಒಂದೇ ನಕಲು ಇಡುತ್ತದೆ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ತಡೆದುಕೊಳ್ಳಬಹುದು, ರೇಡ್ 6ರಲ್ಲಿ ಎರಡು.

ರೇಡ್ 5 ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೂರನೇ ತರಗತಿಯ ಲೆಕ್ಕ ಸಾಕು. ಮೂರು ಡಿಸ್ಕ್‌ಗಳಲ್ಲಿ 7, 5, 9 ಎಂಬ ಅಂಕಿಗಳಿವೆ ಎಂದುಕೊಳ್ಳಿ. ನಾಲ್ಕನೆಯದರಲ್ಲಿ ಮೊತ್ತ, ಅಂದರೆ 21. ಎರಡನೇ ಡಿಸ್ಕ್ ಸತ್ತರೆ 21ರಿಂದ 7 ಮತ್ತು 9 ಕಳೆಯಿರಿ, 5 ಸಿಕ್ಕಿತು. ನಿಜವಾದ ಯಂತ್ರ ಕೂಡುವ ಬದಲು ಎಕ್ಸ್ಓಆರ್ ಎಂಬ ಲೆಕ್ಕ ಮಾಡುತ್ತದೆ ಮತ್ತು ಮೊತ್ತವನ್ನು ಒಂದೇ ಡಿಸ್ಕ್‌ನಲ್ಲಿಡದೆ ಎಲ್ಲದಕ್ಕೂ ಹಂಚುತ್ತದೆ. ತತ್ವ ಮಾತ್ರ ಇದೇ.

ಹಾಗಾದರೆ ಡೇಟಾ ಹೋಗುವುದು ಹೇಗೆ?

ಬಾಕ್ಸ್ ದಿಢೀರನೆ ಸತ್ತಂತೆ ಕಂಡರೂ ಕಥೆ ಹಲವು ಸಲ ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಯುಗಾದಿ ಹೊತ್ತಿಗೆ ಎರಡನೇ ಡಿಸ್ಕ್ ಕಳಚಿಕೊಂಡಿತು. ಬಾಕ್ಸ್ ಬೀಪ್ ಬೀಪ್ ಎಂದಿತು, ಯಾರೋ ಸದ್ದನ್ನು ಮ್ಯೂಟ್ ಮಾಡಿದರು. ಫೈಲುಗಳು ಎಂದಿನಂತೆ ತೆರೆಯುತ್ತಿದ್ದವು. ಈ ನಡುವೆ ಕೆಲಸ ನಡೆದು 5 ಇದ್ದ ಜಾಗಕ್ಕೆ 8 ಬಂತು. ಹೊರಬಿದ್ದ ಡಿಸ್ಕ್‌ಗೆ ಇದು ಗೊತ್ತಿಲ್ಲ, ಅದರಲ್ಲಿ ಇನ್ನೂ 5 ಇದೆ. ಮೊತ್ತ ಮಾತ್ರ 24 ಆಯಿತು. ದೀಪಾವಳಿಗೆ ಮೂರನೇ ಡಿಸ್ಕ್ ಕೂಡ ಕೈಕೊಟ್ಟಿತು. ಈಗ ಬಾಕ್ಸ್ ತೆರೆಯುವುದೇ ಇಲ್ಲ.

ಗಾಬರಿಯಲ್ಲಿ ಯಾರೋ ಹಳೆಯ ಎರಡನೇ ಡಿಸ್ಕ್ ಅನ್ನು ಮತ್ತೆ ಸಿಕ್ಕಿಸಿ, ಬಲವಂತವಾಗಿ ಆನ್‌ಲೈನ್ ಮಾಡಿ ರೀಬಿಲ್ಡ್ ಒತ್ತುತ್ತಾರೆ. ಯಂತ್ರ ಲೆಕ್ಕ ಹಾಕುತ್ತದೆ: 24ರಿಂದ 7 ಮತ್ತು 5 ಕಳೆದರೆ 12. ಸರಿಯಾದ ಉತ್ತರ 9. ಯಂತ್ರ ತಕರಾರಿಲ್ಲದೆ 12 ಎಂದೇ ಬರೆದುಬಿಡುತ್ತದೆ. ಫೋಲ್ಡರ್‌ಗಳು ಕಾಣುತ್ತವೆ, ಫೋಟೋಗಳ ಹೆಸರೂ ಇರುತ್ತದೆ, ತೆರೆದರೆ ಅರ್ಧ ಬೂದು ಬಣ್ಣ. ಮೂಲ ಡಿಸ್ಕ್‌ಗಳ ಮೇಲೆಯೇ ಬರೆದಿರುವುದರಿಂದ ಈಗ ಲ್ಯಾಬ್‌ಗೂ ಕೆಲಸ ಕಷ್ಟ. ಇಂಥ ಪ್ರಕರಣದಲ್ಲಿ ಕೊನೆಗೆ ಕೆಟ್ಟ ಡಿಸ್ಕ್‌ನಲ್ಲೇ ತಾಜಾ ಡೇಟಾ ಇರುವುದರಿಂದ ಅದನ್ನು ಉಳಿಸಿಕೊಳ್ಳಬೇಕು. ಯಾವುದು ಮೊದಲು ಕೆಟ್ಟಿತು ಎಂಬುದು ಬಾಕ್ಸ್‌ನ ಲಾಗ್‌ನಲ್ಲಿ ಸಿಗುತ್ತದೆ.

ರೀಬಿಲ್ಡ್ ಎಂಬುದೇ ಡಿಸ್ಕ್‌ಗಳಿಗೆ ಒಂದು ಪರೀಕ್ಷೆ. 8 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳಿದ್ದರೆ ಉಳಿದ ಮೂರನ್ನೂ, ಅಂದರೆ 24 ಟೆರಾಬೈಟ್ ಅನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಮನೆ ಬಳಕೆಯ ಅನೇಕ ಡಿಸ್ಕ್‌ಗಳಿಗೆ ತಯಾರಕರೇ ಕೊಡುವ ಮಿತಿ ಸುಮಾರು 12.5 ಟೆರಾಬೈಟ್ ಓದಿಗೆ ಒಂದು ಓದಲಾಗದ ದೋಷ. ವಾಸ್ತವದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿ ನಡೆಯುವುದುಂಟು. ಆದರೆ ಎಸ್.ಪಿ. ರಸ್ತೆಯಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ನಾಲ್ಕು ಡಿಸ್ಕ್‌ಗಳು ಒಂದೇ ಬಿಸಿಯಲ್ಲಿ, ಒಂದೇ ವೇಗದಲ್ಲಿ ವಯಸ್ಸಾಗಿರುತ್ತವೆ ಎಂಬುದನ್ನೂ ಮರೆಯಬಾರದು.

ಫ್ರೀಜರ್ ಮತ್ತು ಅಕ್ಕಿ: ನಿಜವೆಷ್ಟು?

ಫ್ರೀಜರ್ ಸಲಹೆ ಪೂರ್ತಿ ಕಟ್ಟುಕಥೆಯಲ್ಲ. ಹಳೆಯ ಡಿಸ್ಕ್‌ಗಳಲ್ಲಿ ಹೆಡ್ ಅಂಟಿಕೊಂಡಾಗ, ತಂಪಾದರೆ ಲೋಹ ಕುಗ್ಗಿ ಬಿಟ್ಟುಕೊಳ್ಳಬಹುದು ಎಂಬ ಆಸೆಯಿಂದ ಕೆಲವರು ಇದನ್ನು ಮಾಡುತ್ತಿದ್ದರು. ಇಂದಿನ ಡಿಸ್ಕ್‌ಗಳಲ್ಲಿ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಫ್ರೀಜರ್‌ನಿಂದ ತೆಗೆದ ಡಿಸ್ಕ್ ಬೆಂಗಳೂರಿನ ಮಳೆಗಾಲದ ಗಾಳಿಗೆ ಬಂದರೆ ತಣ್ಣನೆಯ ಸ್ಟೀಲ್ ಲೋಟದ ಮೇಲೆ ಕೂರುವಂತೆ ಹನಿ ಕೂರುತ್ತದೆ. ಆ ಹನಿಯೊಡನೆ ತಟ್ಟೆ ತಿರುಗಿದರೆ ಹೆಡ್ ಅಪ್ಪಳಿಸಿ, ಕಾಂತೀಯ ಲೇಪನ ಕೆತ್ತಿಹೋಗಬಹುದು. ಕೆತ್ತಿಹೋದ ಜಾಗದ ಡೇಟಾವನ್ನು ಯಾವ ಲ್ಯಾಬ್ ಕೂಡ ತರಲಾರದು.

ಅಕ್ಕಿಯದು ಇನ್ನೂ ಸರಳ. ಮೊಬೈಲ್‌ಗೂ ಅಕ್ಕಿ ಬೇಡ, ಕಣಗಳು ಒಳಹೋಗಿ ಹಾನಿ ಮಾಡಬಹುದು ಎಂದು ಆ್ಯಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ಅನೇಕ ಹಾರ್ಡ್ ಡಿಸ್ಕ್‌ಗಳಿಗೆ ಉಸಿರಾಟದ ಸಣ್ಣ ರಂಧ್ರ ಇರುತ್ತದೆ, ಪ್ರವಾಹದ ನೀರು ಅಲ್ಲಿಂದ ಒಳಹೋಗಬಹುದು. ಒಣಗಿಸಿದರೆ ನೀರು ಹೋಗುತ್ತದೆ, ಕೆಸರು ಮತ್ತು ಉಪ್ಪು ತಟ್ಟೆಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ನೆನೆದ ಡಿಸ್ಕ್‌ಗೆ ಕರೆಂಟ್ ಕೊಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಗಾಳಿಯಾಡದ ಡಬ್ಬದಲ್ಲಿ ತೇವ ಆರದಂತೆ ಇಟ್ಟು ಬೇಗ ಲ್ಯಾಬ್‌ಗೆ ತಲುಪಿಸಿ.

ಡಿಸ್ಕ್ ಬಿಚ್ಚಿ ತಟ್ಟೆ ಬದಲಿಸುವ ಯೂಟ್ಯೂಬ್ ವಿಡಿಯೋಗಳೂ ಇವೆ. ನೋಡಲು ಚೆನ್ನಾಗಿವೆ. ಈ ಕೆಲಸ ನಡೆಯುವ ಸ್ವಚ್ಛ ಕೊಠಡಿಯಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರೋಮೀಟರ್‌ಗಿಂತ ದೊಡ್ಡ ಕಣಗಳು 100 ಮೀರಬಾರದು ಎಂಬ ಮಾನದಂಡವಿದೆ. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೇ ಎಷ್ಟು ಕಣ ಎಂದು ಯೋಚಿಸಿ.

ಅದೇ ಲ್ಯಾಬ್ ಏನು ಮಾಡಬಲ್ಲದು ಎಂಬುದಕ್ಕೂ ಉದಾಹರಣೆ ಇದೆ. 2003ರ ಫೆಬ್ರುವರಿ 1ರಂದು ಕರ್ನಾಲ್‌ನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದುಹೋಯಿತು. ಅವಶೇಷಗಳಲ್ಲಿ ಸಿಕ್ಕ ಸುಟ್ಟ ಹಾರ್ಡ್ ಡಿಸ್ಕ್‌ನ ತಟ್ಟೆಗಳನ್ನು ತೊಳೆದು, ಹೊಸ ಡ್ರೈವ್‌ಗೆ ಜೋಡಿಸಿ, ಸುಮಾರು ಶೇ. 99ರಷ್ಟು ಡೇಟಾ ತೆಗೆಯಲಾಯಿತು. ಝೆನಾನ್ ಅನಿಲದ ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ಬೆಂಕಿಗೆ ಬಿದ್ದರೂ ಅದರ ತಟ್ಟೆಗಳು ಸೊಟ್ಟಗಾಗಿರಲಿಲ್ಲ.

ಬಾಕ್ಸ್ ಕೈಕೊಟ್ಟಾಗ ಏನು ಮಾಡಬೇಕು?

ಮೊದಲು ಆಫ್ ಮಾಡಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಇನ್ನೊಮ್ಮೆ ನೋಡೋಣ ಎಂದು ಆನ್ ಮಾಡಲೇಬೇಡಿ. ಡಿಸ್ಕ್‌ಗಳನ್ನು ಹೊರತೆಗೆಯುವ ಮುನ್ನ ಯಾವ ಸ್ಲಾಟ್‌ನಲ್ಲಿ ಯಾವುದಿತ್ತು ಎಂದು ಒಂದೊಂದರ ಮೇಲೂ ಚೀಟಿ ಅಂಟಿಸಿ, ಫೋಟೋ ತೆಗೆದುಕೊಳ್ಳಿ.

ಡಿಸ್ಕ್ ಅನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಫಾರ್ಮ್ಯಾಟ್ ಮಾಡಲೇ ಅಥವಾ ಇನಿಶಿಯಲೈಸ್ ಮಾಡಲೇ ಎಂದು ಅದು ಕೇಳಬಹುದು. ಡಿಸ್ಕ್ ಖಾಲಿಯಾಗಿದೆ ಎಂದು ಇದರರ್ಥವಲ್ಲ. ಬಹುತೇಕ ನ್ಯಾಸ್‌ಗಳು ಲಿನಕ್ಸ್ ಬಳಸುತ್ತವೆ, ಆ ಬರಹ ವಿಂಡೋಸ್‌ಗೆ ಓದಲು ಬರುವುದಿಲ್ಲ, ಅಷ್ಟೇ. ಉತ್ತರ: ಬೇಡ. ಚೆಕ್‌ಡಿಸ್ಕ್ ಕೂಡ ಬೇಡ, ಅದು ಸರಿಪಡಿಸುವ ಹೆಸರಿನಲ್ಲಿ ಡಿಸ್ಕ್ ಮೇಲೆ ಬರೆಯುತ್ತದೆ.

ಗೊತ್ತಿರುವವರು ಮಾಡುವ ಮೊದಲ ಕೆಲಸ ಪ್ರತಿ ಡಿಸ್ಕ್‌ನ ಪೂರ್ತಿ ನಕಲು. ಗ್ನೂ ಡಿಡಿ-ರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಬರುವ ಭಾಗಗಳನ್ನು ತೆಗೆದು, ಹಟಮಾರಿ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. ನಂತರ ಜೋಡಣೆಯ ಎಲ್ಲ ಪ್ರಯತ್ನ ನಕಲುಗಳ ಮೇಲೆಯೇ. ಡಿಸ್ಕ್ ಚೆನ್ನಾಗಿದ್ದು ಪೆಟ್ಟಿಗೆ ಮಾತ್ರ ಸುಟ್ಟಿದ್ದರೆ ಲಿನಕ್ಸ್ ಕಂಪ್ಯೂಟರ್‌ನಲ್ಲೇ ಓದಬಹುದು. ಸಿನಾಲಜಿ ಕಂಪನಿ ಇದರ ವಿಧಾನವನ್ನು ತನ್ನ ಜಾಲತಾಣದಲ್ಲಿ ಕೊಟ್ಟಿದೆ.

ಲ್ಯಾಬ್‌ಗೆ ಕೊಡುವುದಾದರೆ ಮೂಲ ಡಿಸ್ಕ್ ಮೇಲೆ ಬರೆಯುವುದಿಲ್ಲ ಎಂದು ಬರಹದಲ್ಲಿ ಪಡೆಯಿರಿ, ಸಿಕ್ಕ ಫೈಲುಗಳ ಪಟ್ಟಿ ನೋಡಿದ ಮೇಲೆ ದುಡ್ಡು ಕೊಡಿ. ತಪಾಸಣೆಗೂ ಮೊದಲೇ ಶೇ. 100 ಗ್ಯಾರಂಟಿ ಕೊಡುವವರನ್ನು ನಾವಂತೂ ನಂಬುವುದಿಲ್ಲ. ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ಸೌಲಭ್ಯ ಚಾಲೂ ಇದ್ದರೆ ಅಳಿಸಿದ ಫೈಲು ಸಾಮಾನ್ಯವಾಗಿ ಮರಳಿ ಸಿಗುವುದೇ ಇಲ್ಲ.

ರೇಡ್ ಇದ್ದರೆ ಬ್ಯಾಕಪ್ ಬೇಡವೇ?

ಬೇಕು. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ರ‍್ಯಾನ್ಸಮ್‌ವೇರ್ ಬೀಗ ಹಾಕಿದರೂ ಹಾಗೆಯೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳು ನಾಶವಾದವು. ಹೊರಗೆ ಬೇರೆ ಪ್ರತಿ ಇರಲಿಲ್ಲ.

ಪ್ರತಿ ಇದ್ದರಷ್ಟೇ ಸಾಲದು, ತೆರೆದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ತಪ್ಪಿ ಅಳಿಸಿಹೋದಾಗ, ಇದ್ದ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ಸುಮಾರು ಆರು ಗಂಟೆ ಮೊದಲು ಎಂಜಿನಿಯರ್ ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಪ್ರತಿಯೇ ಗತಿಯಾಯಿತು.

ಛಾಯಾಗ್ರಾಹಕರ ನಡುವೆ ಜನಪ್ರಿಯವಾದ 3-2-1 ಲೆಕ್ಕ ಸಣ್ಣ ಕಚೇರಿಗೆ ಸಾಕು: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಮಹದೇವಪುರದಂಥ ಕಡೆ ಆ ಬೇರೆ ಕಟ್ಟಡ ಅದೇ ರಾಜಕಾಲುವೆಯ ಪಕ್ಕ ಇರದಿದ್ದರೆ ಒಳ್ಳೆಯದು. ಬಾಕ್ಸ್ ಅನ್ನು ನೆಲದಿಂದ ಎತ್ತಿ ಕಪಾಟಿನ ಮೇಲಿಡಿ. ಇವತ್ತೇ ಅದರ ಸೆಟ್ಟಿಂಗ್ಸ್ ತೆರೆದು, ಡಿಸ್ಕ್ ಕೆಟ್ಟರೆ ಎಚ್ಚರಿಕೆಯ ಇಮೇಲ್ ಯಾರಿಗೆ ಹೋಗುತ್ತದೆ ಎಂದು ನೋಡಿ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಹುಡುಗನ ವಿಳಾಸವಿದ್ದರೆ ಬದಲಿಸಿ.