ರೇಡಿಯೊ ಸ್ಕ್ಯಾನರ್‌ಗೆ ತಾರಸಿಯ ಆಂಟೆನಾ

ರೇಡಿಯೊ ಸ್ಕ್ಯಾನರ್ ಎಂದರೆ ಕೇಳುವುದಕ್ಕಷ್ಟೇ ಇರುವ ರೇಡಿಯೊ. ನೂರಾರು ಫ್ರೀಕ್ವೆನ್ಸಿಗಳನ್ನು ಒಂದಾದ ಮೇಲೊಂದರಂತೆ ತಡಕುತ್ತ, ಯಾರೋ ಮಾತಾಡುತ್ತಿರುವ ಕಡೆ ನಿಲ್ಲುತ್ತದೆ. ಮಾತು ಮುಗಿದೊಡನೆ ಮುಂದಕ್ಕೆ ಓಡುತ್ತದೆ. ಅಮೆರಿಕದಲ್ಲಿ ಇದು ದಶಕಗಳಿಂದ ಬೇರೂರಿರುವ ಹವ್ಯಾಸ. ಅಗ್ನಿಶಾಮಕ ದಳ, ರೈಲು ಸಿಬ್ಬಂದಿ, ವಿಮಾನ ಚಾಲಕರು, ಹವಾಮಾನದ ಎಚ್ಚರಿಕೆಗಳು, ಎಲ್ಲವನ್ನೂ ಅಲ್ಲಿನವರು ಮನೆಯಲ್ಲೇ ಕೂತು ಕೇಳುತ್ತಾರೆ. ಸ್ಕ್ಯಾನರ್ ಜೊತೆ ಬರುವ ಗೇಣುದ್ದದ ರಬ್ಬರ್ ಆಂಟೆನಾ ಹತ್ತಿರದ ಪ್ರಸಾರಕ್ಕೆ ಸಾಕು. ಊರಾಚೆಯದು ಬೇಕಿದ್ದರೆ ತಾರಸಿ ಹತ್ತಬೇಕು.

ಯಾವ ಆಂಟೆನಾ ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಏನನ್ನು ಕೇಳಬೇಕು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಂಡರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಕೇಳಬೇಕಾದುದರ ಪಟ್ಟಿ

ವಿಮಾನಗಳ ಮಾತುಕತೆ ಜಗತ್ತಿನಾದ್ಯಂತ 118ರಿಂದ 137 ಮೆಗಾಹರ್ಟ್ಸ್ ನಡುವೆ ನಡೆಯುತ್ತದೆ. ಹಡಗುಗಳ ತುರ್ತು ಕರೆಯ 16ನೇ ಚಾನೆಲ್ ಇರುವುದು 156.8ರಲ್ಲಿ. ಅಮೆರಿಕದ ರೈಲುಗಳು 160–161ರ ಆಸುಪಾಸಿನಲ್ಲಿ ಮಾತಾಡಿದರೆ, ಅಲ್ಲಿನ ಹವಾಮಾನ ರೇಡಿಯೊ 162.400ರಿಂದ 162.550ರವರೆಗಿನ ಏಳು ಚಾನೆಲ್‌ಗಳಲ್ಲಿ ಹಗಲಿರುಳು ಪ್ರಸಾರ ಮಾಡುತ್ತದೆ. ಪೊಲೀಸ್ ಮತ್ತು ಅಗ್ನಿಶಾಮಕ ದಳಗಳು ಕೆಲವು ಕಡೆ 150ರ ಮೇಲೆ, ಕೆಲವು ಕಡೆ 450ರ ಮೇಲೆ, ದೊಡ್ಡ ನಗರಗಳಲ್ಲಿ ಹೆಚ್ಚಾಗಿ 700–800 ಮೆಗಾಹರ್ಟ್ಸ್‌ನಲ್ಲಿ ಇರುತ್ತವೆ. ಇವುಗಳಲ್ಲಿ ಗೂಢಲಿಪಿಗೆ ಬದಲಾದ ಚಾನೆಲ್‌ಗಳೂ ಬಹಳ ಇವೆ. ಅಂಥವಕ್ಕಾಗಿ ಆಂಟೆನಾ ಕೊಳ್ಳುವುದು ದಂಡ. ಎಷ್ಟೇ ದುಬಾರಿಯದು ಹಾಕಿದರೂ ಮಾತು ಬಿಚ್ಚಿಕೊಳ್ಳುವುದಿಲ್ಲ.

ಆಂಟೆನಾದ ಅಳತೆ ಹುಟ್ಟುವುದೂ ಈ ಪಟ್ಟಿಯಿಂದಲೇ. 75ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಕಾಲು ತರಂಗಾಂತರ ಎಷ್ಟು ಮೀಟರ್ ಎಂದು ತಿಳಿಯುತ್ತದೆ. 125 ಮೆಗಾಹರ್ಟ್ಸ್‌ನ ವಿಮಾನಕ್ಕೆ 60 ಸೆಂಟಿಮೀಟರ್ ಕಡ್ಡಿ ಬೇಕು, 850ಕ್ಕೆ 9 ಸೆಂಟಿಮೀಟರೂ ಬೇಡ. ಎರಡಕ್ಕೂ ಒಂದೇ ಕಡ್ಡಿ ಸರಿಹೊಂದುವುದಿಲ್ಲ ಎಂಬುದು ಇಲ್ಲೇ ಕಾಣುತ್ತದೆ.

ಡಿಸ್ಕೋನ್

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೇಳಬೇಕು ಎನ್ನುವವರಿಗೆ ಡಿಸ್ಕೋನ್. ಮೇಲೆ ಅಡ್ಡಡ್ಡಲಾಗಿ ಹರಡಿದ ಕಡ್ಡಿಗಳ ತಟ್ಟೆ, ಕೆಳಗೆ ಇಳಿಜಾರಾಗಿ ಹರಡಿದ ಕಡ್ಡಿಗಳ ಶಂಕು: ಬಿಚ್ಚಿದ ಕೊಡೆಯ ಅಸ್ಥಿಪಂಜರದಂತೆ ಕಾಣುತ್ತದೆ. ಆರ್ಮಿಗ್ ಕಾಂಡೋಯನ್ ಎಂಬ ಎಂಜಿನಿಯರ್‌ಗೆ ಇದರ ಪೇಟೆಂಟ್ 1945ರಲ್ಲಿ ಸಿಕ್ಕಿತು. ತನ್ನ ಕೆಳಮಿತಿಯ ಫ್ರೀಕ್ವೆನ್ಸಿಯಿಂದ ಹಲವು ಪಟ್ಟು ಮೇಲಿನವರೆಗೂ ಇದು ಹೆಚ್ಚುಕಡಿಮೆ ಒಂದೇ ಸಮನಾಗಿ, ಸುತ್ತಲ ಎಲ್ಲ ದಿಕ್ಕಿನಿಂದಲೂ ಹಿಡಿಯುತ್ತದೆ.

ಬೆಲೆ ತೆರಬೇಕಾದುದು ಬೇರೆ ಕಡೆ. ಡಿಸ್ಕೋನ್ ಸಿಗ್ನಲ್ಲನ್ನು ಹೆಚ್ಚಿಸುವುದಿಲ್ಲ, ಸಾಧಾರಣ ಡೈಪೋಲ್ ಆಂಟೆನಾದಷ್ಟೇ ಕೊಡುತ್ತದೆ. ಜೊತೆಗೆ ಬೇಡದ್ದನ್ನೂ ಬೇಕಾದಷ್ಟೇ ಶ್ರದ್ಧೆಯಿಂದ ಒಳಗೆ ತರುತ್ತದೆ. 88–108 ಮೆಗಾಹರ್ಟ್ಸ್‌ನ ಎಫ್ಎಂ ಕೇಂದ್ರಗಳು ಕಿಲೋವ್ಯಾಟ್‌ಗಟ್ಟಲೆ ಶಕ್ತಿಯಲ್ಲಿ ಕೂಗುವಾಗ, ಪಕ್ಕದ 118ರಲ್ಲಿ ಕೆಲವೇ ವ್ಯಾಟ್‌ಗಳಲ್ಲಿ ಮಾತಾಡುವ ಪೈಲಟ್‌ನ ದನಿ ಮುಳುಗಿಹೋಗುತ್ತದೆ. ನಗರದಲ್ಲಿ ಡಿಸ್ಕೋನ್ ಹಾಕಿದ ಮೇಲೆ ಮೊದಲಿಗಿಂತ ಕಡಿಮೆ ಕೇಳುತ್ತಿದೆ ಎನ್ನುವವರ ತೊಂದರೆ ಬಹುಪಾಲು ಇದೇ. ಎಫ್ಎಂ ಬ್ಯಾಂಡನ್ನು ತಡೆಯುವ ಪುಟ್ಟ ಫಿಲ್ಟರನ್ನು ಸ್ಕ್ಯಾನರ್‌ಗೆ ಮುಂಚೆ ಸಿಕ್ಕಿಸಿದರೆ ಅದು ಪರಿಹಾರವಾಗುತ್ತದೆ. ಈ ದೋಷ ಹುಡುಕದೆ ಆಂಪ್ಲಿಫೈಯರ್ ಸೇರಿಸಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ.

ಒಂದೇ ಬ್ಯಾಂಡಿಗೆ ಕತ್ತರಿಸಿದ್ದು

ಪಟ್ಟಿಯಲ್ಲಿ ವಿಮಾನಗಳೇ ಮುಖ್ಯವಾದರೆ ಆ ಬ್ಯಾಂಡಿಗೆಂದೇ ಅಳೆದ ಗ್ರೌಂಡ್ ಪ್ಲೇನ್ ಆಂಟೆನಾ ನನ್ನ ಮೊದಲ ಆಯ್ಕೆ. ನೆಟ್ಟಗೆ ನಿಂತ ಒಂದು ಕಾಲು ತರಂಗದ ಕಡ್ಡಿ, ಬುಡದಲ್ಲಿ ನಾಲ್ಕು ಕಡ್ಡಿಗಳು. ಆ ನಾಲ್ಕನ್ನು ಸುಮಾರು 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಆಂಟೆನಾ 50 ಓಮ್ ಕೇಬಲ್‌ಗೆ ಹೊಂದಿಕೊಳ್ಳುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಇದು ತನ್ನ ಬ್ಯಾಂಡಿನಲ್ಲಿ ಡಿಸ್ಕೋನ್‌ಗೆ ಸೋಲುವುದಿಲ್ಲ.

ತಾರಸಿಯಲ್ಲಿ ಉಳಿದಿರುವ ಹಳೆಯ ಟಿವಿ ಆಂಟೆನಾ ಸಾಲದೇ ಎಂಬ ಪ್ರಶ್ನೆಯೂ ಬರುತ್ತದೆ. ಅದರ ಕಡ್ಡಿಗಳು ಮಲಗಿರುತ್ತವೆ. ಸ್ಕ್ಯಾನರ್ ಕೇಳುವ ಹೆಚ್ಚಿನ ಪ್ರಸಾರಗಳ ತರಂಗ ನೆಟ್ಟಗೆ ನಿಂತಿರುತ್ತದೆ. ಈ ಒಂದು ವ್ಯತ್ಯಾಸಕ್ಕೇ 20 ಡೆಸಿಬಲ್‌ನಷ್ಟು, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು, ನಷ್ಟವಾಗಬಹುದು.

ಎತ್ತರ ಎಷ್ಟು ಬೇಕು

ಸ್ಕ್ಯಾನರ್ ಕೇಳುವ ವಿಎಚ್ಎಫ್ ಮತ್ತು ಯುಎಚ್ಎಫ್ ತರಂಗಗಳು ದಿಗಂತದಾಚೆಗೆ ಅಷ್ಟಾಗಿ ಬಾಗುವುದಿಲ್ಲ. ಎತ್ತರದ ಮೀಟರ್ ಸಂಖ್ಯೆಯ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರ ಕಿಲೋಮೀಟರ್‌ಗಳಲ್ಲಿ ಬರುತ್ತದೆ. 10 ಮೀಟರ್ ಎತ್ತರದ ಆಂಟೆನಾಕ್ಕೆ 13 ಕಿಲೋಮೀಟರ್, 10,000 ಮೀಟರ್ ಮೇಲಿರುವ ವಿಮಾನಕ್ಕೆ 412. ಇವೆರಡನ್ನು ಕೂಡಿಸಿದರೆ 425 ಕಿಲೋಮೀಟರ್ ದೂರದ ವಿಮಾನವೂ ಸಿಗಬಹುದು ಎಂದಾಯಿತು. ಅಲ್ಲಿ ಆಂಟೆನಾವನ್ನು ಇನ್ನೆರಡು ಮೀಟರ್ ಏರಿಸಿದರೆ ಹೆಚ್ಚು ಲಾಭವಿಲ್ಲ. ನೆಲದ ಮೇಲಿನ ವಾಹನ, ಕಚೇರಿಗಳನ್ನು ಕೇಳುವವರಿಗೆ ಮಾತ್ರ ಪ್ರತಿ ಮೀಟರೂ ಬೇಕು.

ಅಮೆರಿಕದ ನಗರಗಳಲ್ಲಿ ಇದಕ್ಕೊಂದು ಅಪವಾದವಿದೆ, ಬಹಳ ಜನರನ್ನು ಕಾಡಿಸಿರುವಂಥದ್ದು. 700–800ರ ಡಿಜಿಟಲ್ ಜಾಲಗಳು ಒಂದೇ ಮಾತನ್ನು ಹಲವು ಗೋಪುರಗಳಿಂದ, ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣದಲ್ಲಿ ಬಿತ್ತರಿಸುತ್ತವೆ. ಇದನ್ನು ಸೈಮಲ್‌ಕಾಸ್ಟ್ ಎನ್ನುತ್ತಾರೆ. ಎತ್ತರದ ಆಂಟೆನಾಕ್ಕೆ ಎಲ್ಲ ಗೋಪುರಗಳೂ ಕಾಣುತ್ತವೆ. ದೂರದ ಗೋಪುರದ ತರಂಗ ಮೈಕ್ರೊಸೆಕೆಂಡುಗಳಷ್ಟು ತಡವಾಗಿ ಬಂದು ಹತ್ತಿರದ್ದರ ಮೇಲೆ ಬೀಳುತ್ತದೆ, ಡಿಜಿಟಲ್ ಅಂಕಿಗಳು ಕಲಸಿಹೋಗುತ್ತವೆ. ಪರದೆಯ ಮೇಲೆ ಸಿಗ್ನಲ್ ಪೂರ್ತಿ ಇದ್ದರೂ ಕೇಳುವುದು ತುಂಡು ತುಂಡು ಮಾತು. ಇಲ್ಲಿ ಬೇಕಾಗುವುದು ಯಾಗಿ ಆಂಟೆನಾ, ಅದೂ ಕಡ್ಡಿಗಳು ನೆಟ್ಟಗೆ ನಿಲ್ಲುವಂತೆ ಕಟ್ಟಿದ್ದು. 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಜಗತ್ತಿಗೆ ತೋರಿಸಿಕೊಟ್ಟ ಈ ಆಂಟೆನಾ ಒಂದು ದಿಕ್ಕಿಗೆ ಮುಖಮಾಡಿ ಉಳಿದ ದಿಕ್ಕುಗಳನ್ನು ಕುಗ್ಗಿಸುತ್ತದೆ. ಅದನ್ನು ಒಂದೇ ಗೋಪುರಕ್ಕೆ ಗುರಿಯಿಟ್ಟರೆ ಮಾತು ತಿಳಿಯಾಗುತ್ತದೆ. 2018ರಲ್ಲಿ ಬಂದ ಯುನಿಡೆನ್ ಎಸ್‌ಡಿಎಸ್100ರಂಥ ಸ್ಕ್ಯಾನರ್‌ಗಳನ್ನು ಈ ಸಮಸ್ಯೆಗೆಂದೇ ರೂಪಿಸಲಾಗಿದೆ.

ಕೇಬಲ್ ನುಂಗುವುದು

ಆಂಟೆನಾಕ್ಕೆ ಸಾವಿರಾರು ರೂಪಾಯಿ ಸುರಿದು ಕೇಬಲ್‌ನಲ್ಲಿ ಉಳಿಸಹೊರಡುವುದು ತಪ್ಪು ಲೆಕ್ಕ. ತೆಳ್ಳಗಿನ ಆರ್‌ಜಿ-58 ಕೇಬಲ್ 30 ಮೀಟರ್ ಉದ್ದಕ್ಕೆ 800 ಮೆಗಾಹರ್ಟ್ಸ್‌ನಲ್ಲಿ 15 ಡೆಸಿಬಲ್‌ನಷ್ಟು ನುಂಗುತ್ತದೆ; ಮೇಲಿಂದ ಹೊರಟ ನೂರು ಪಾಲಿನಲ್ಲಿ ಕೆಳಗೆ ತಲುಪುವುದು ಮೂರು. ಅಷ್ಟೇ ಉದ್ದದ ಎಲ್‌ಎಂಆರ್-400 ನಾಲ್ಕು ಡೆಸಿಬಲ್‌ನ ಒಳಗೇ ನಿಲ್ಲುತ್ತದೆ. ಕೇಬಲ್ ಟಿವಿಯವರು ಬಳಸುವ ಆರ್‌ಜಿ-6 ಇವೆರಡರ ನಡುವಿನದು, ಎಲ್ಲೆಡೆ ಸಿಗುತ್ತದೆ. ಅದು 75 ಓಮ್‌ನದು ಎಂದು ಹೆದರಬೇಕಿಲ್ಲ: ಕೇಳುವುದಕ್ಕಷ್ಟೇ ಬಳಸುವಾಗ ಆ ಹೊಂದಾಣಿಕೆಯ ಕೊರತೆಯಿಂದ ಆಗುವ ನಷ್ಟ ಡೆಸಿಬಲ್‌ನ ಐದನೇ ಒಂದು ಭಾಗದಷ್ಟು ಮಾತ್ರ. ಆಂಪ್ಲಿಫೈಯರ್ ಅನಿವಾರ್ಯವಾದರೆ ಅದು ಆಂಟೆನಾದ ಬುಡದಲ್ಲೇ ಇರಬೇಕು. ಕೇಬಲ್‌ನಲ್ಲಿ ಕಳೆದುಹೋದದ್ದನ್ನು ಕೆಳಗೆ ಕೂಡಿಸಿದ ಆಂಪ್ಲಿಫೈಯರ್ ಮರಳಿಸಲಾರದು.

ನೀರು ಮತ್ತು ಸಿಡಿಲು

ಕನೆಕ್ಟರ್ ಬಿಚ್ಚಿದಾಗ ಹೆಣೆದ ತಾಮ್ರದ ಜಾಲರಿ ಹಸಿರುಗಟ್ಟಿದ್ದರೆ ಒಳಗೆ ನೀರು ಇಳಿದಿದೆ ಎಂದೇ ಅರ್ಥ; ಆ ತುಂಡನ್ನು ಕತ್ತರಿಸಿ ಎಸೆಯಬೇಕು. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸುತ್ತ, ಕೆಳಗಿನಿಂದ ಮೇಲಕ್ಕೆ, ಅರ್ಧರ್ಧ ಸುತ್ತು ಮುಚ್ಚುವಂತೆ ಕಟ್ಟಿದರೆ ಮಳೆನೀರು ಸುತ್ತುಗಳ ಸಂದಿಗೆ ನುಗ್ಗದೆ ಮೇಲೆಯೇ ಜಾರುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಒಂದು ಜೋಲು ಬಿಟ್ಟರೆ ಹನಿ ಅಲ್ಲೇ ಉದುರುತ್ತದೆ.

ಕಂಬಕ್ಕೂ ಕೇಬಲ್‌ನ ಹೊರಕವಚಕ್ಕೂ ಅರ್ಥಿಂಗ್ ಬೇಕೇ ಬೇಕು, ಅದು ಮನೆಯ ವಿದ್ಯುತ್ ಅರ್ಥಿಂಗ್‌ಗೆ ಸೇರಿಯೇ ಇರಬೇಕು. ಬೇರೊಂದು ಸರಳು ನೆಟ್ಟು ಬಿಟ್ಟರೆ, ಸಿಡಿಲು ಬಡಿದಾಗ ಎರಡು ನೆಲಗಳ ನಡುವಿನ ಒತ್ತಡ ಸ್ಕ್ಯಾನರ್ ಮೂಲಕವೇ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಂಡ ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕಿಲ್ಲ. ಮೋಡ ಕಟ್ಟುವ ಮುಂಚೆಯೇ ಕೇಬಲ್ ಕಳಚಿ ಹೊರಗಿಡುವುದು ಎಲ್ಲ ರಕ್ಷಣೆಗಿಂತ ದೊಡ್ಡ ರಕ್ಷಣೆ.

ಕಾನೂನು

ಅಮೆರಿಕದಲ್ಲಿ ಮನೆಯಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದು ಸಾಮಾನ್ಯ, ಆದರೆ ಮೊಬೈಲ್ ಫೋನ್ ಸಂಭಾಷಣೆ ಕೇಳುವುದು ಅಪರಾಧ. ವಾಹನದಲ್ಲಿ ಒಯ್ಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬ್ರಿಟನ್ನಿನಲ್ಲಿ ಸಾಧನ ಕೊಳ್ಳಬಹುದು, ಸಾರ್ವಜನಿಕರಿಗೆಂದು ಬಿತ್ತರಿಸದ್ದನ್ನು ಅನುಮತಿಯಿಲ್ಲದೆ ಕೇಳುವಂತಿಲ್ಲ. ಭಾರತದಲ್ಲಿ 1933ರ ಕಾಯ್ದೆಯಿಂದ 2023ರ ದೂರಸಂಪರ್ಕ ಕಾಯ್ದೆಯವರೆಗೂ ರೇಡಿಯೊ ಉಪಕರಣ ಹೊಂದುವುದೇ ಸರ್ಕಾರದ ಅನುಮತಿಗೆ ಒಳಪಟ್ಟಿದೆ, ಸರ್ಕಾರ ವಿನಾಯಿತಿ ಕೊಟ್ಟವನ್ನು ಬಿಟ್ಟು. ಇಲ್ಲಿ ಈ ಆಸಕ್ತಿ ಇರುವವರಿಗೆ ನೇರ ದಾರಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿ. ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಅದನ್ನು ಪಡೆದವರು 144–146 ಮೆಗಾಹರ್ಟ್ಸ್ ಬ್ಯಾಂಡಿಗೆ ಅರ್ಧ ಮೀಟರಿನ ಕಡ್ಡಿಯ ಗ್ರೌಂಡ್ ಪ್ಲೇನ್ ಕಟ್ಟಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವಾಗ 145.800ರಲ್ಲಿ ಅದರ ಹ್ಯಾಮ್ ಪ್ರಸಾರವನ್ನೂ ಹಿಡಿಯಬಹುದು.